ಗಂಟೆ ಬಾರಿಸಿತು, ಖಾತೆಗೆ ಏರಲಿಲ್ಲ

2013ರ ನವೆಂಬರ್ 30, ಶನಿವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ಎರಡೇ ದಿನವಾಗಿತ್ತು. ಎಲ್ಲೆಡೆ ಕ್ರಿಸ್‌ಮಸ್ ಖರೀದಿಯ ನೂಕುನುಗ್ಗಲು. ಆ ದೇಶದ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಗಳಲ್ಲಿ ಒಂದಾದ ‘ಟಾರ್ಗೆಟ್’ನ ಮಳಿಗೆಗಳಲ್ಲಿ ಜನ ಕ್ರೆಡಿಟ್ ಕಾರ್ಡ್ ಉಜ್ಜಿ ಸಾಮಾನು ಕೊಳ್ಳುತ್ತಿದ್ದರು. ಆ ಕಂಪೆನಿಯ ಗಣಕಜಾಲವನ್ನು ಹಗಲಿರುಳು ಕಾಯುತ್ತಿದ್ದ ಒಂದು ತಂಡ ಇದ್ದದ್ದು ಮಾತ್ರ ಸಾವಿರಾರು ಮೈಲಿ ದೂರದ ನಮ್ಮ ಬೆಂಗಳೂರಿನಲ್ಲಿ.

ಅಂದು ಬೆಂಗಳೂರಿನ ತಂಡಕ್ಕೆ ಒಂದು ಎಚ್ಚರಿಕೆ ಬಂತು. ಜಾಲದೊಳಗೆ ಅಪರಿಚಿತ ಕುತಂತ್ರಾಂಶವೊಂದು ನುಸುಳಿದೆ ಎಂದು ‘ಫೈರ್‌ಐ’ ಎಂಬ ಕಾವಲು ವ್ಯವಸ್ಥೆ ತಿಳಿಸಿತ್ತು. ಅದು 16 ಲಕ್ಷ ಡಾಲರ್ ಬೆಲೆಯ ವ್ಯವಸ್ಥೆ; ಕಂಪೆನಿ ಅದನ್ನು ಅಳವಡಿಸತೊಡಗಿ ಆರು ತಿಂಗಳಾಗಿತ್ತು ಅಷ್ಟೆ. ಬೆಂಗಳೂರಿನವರು ಸುಮ್ಮನೆ ಕೂರಲಿಲ್ಲ. ಮಿನ್ನಿಯಾಪೊಲಿಸ್‌ನ ಕೇಂದ್ರ ಕಚೇರಿಯಲ್ಲಿದ್ದ ಭದ್ರತಾ ವಿಭಾಗಕ್ಕೆ ಸುದ್ದಿ ಮುಟ್ಟಿಸಿದರು. ಅಲ್ಲಿಗೆ ಆ ಸುದ್ದಿ ನಿಂತುಹೋಯಿತು.

ಎರಡು ದಿನದ ಬಳಿಕ, ಡಿಸೆಂಬರ್ 2ರಂದು, ಕದ್ದ ಮಾಹಿತಿ ಹೊರಗೆ ಹರಿಯತೊಡಗಿತು. ನಾಲ್ಕು ಕೋಟಿ ಕಾರ್ಡುಗಳ ವಿವರ, ಏಳು ಕೋಟಿ ಗ್ರಾಹಕರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಯಂಥ ಮಾಹಿತಿ ಕಳ್ಳರ ಕೈಸೇರಿತು. ಅಮೆರಿಕದ ನ್ಯಾಯಾಂಗ ಇಲಾಖೆ ಡಿಸೆಂಬರ್ 12ರಂದು ಹೇಳುವವರೆಗೂ ತನ್ನ ಮನೆಯಲ್ಲೇ ಕಳವಾಗುತ್ತಿದೆ ಎಂಬುದು ಕಂಪೆನಿಗೆ ತಿಳಿಯಲಿಲ್ಲ. ಡಿಸೆಂಬರ್ 19ರಂದು ಅದು ಸಾರ್ವಜನಿಕವಾಗಿ ಒಪ್ಪಿಕೊಂಡಿತು. 2014ರ ಮೇ ತಿಂಗಳಲ್ಲಿ ಕಂಪೆನಿಯ ಮುಖ್ಯಸ್ಥರೇ ಹುದ್ದೆ ಬಿಡಬೇಕಾಯಿತು. 2017ರಲ್ಲಿ 47 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್‌ನ ಜತೆ ಒಂದು ಕೋಟಿ 85 ಲಕ್ಷ ಡಾಲರಿಗೆ ರಾಜಿಯಾಯಿತು.

ಬೆಂಗಳೂರಿನ ಆ ಎಚ್ಚರಿಕೆಯ ಸಂಗತಿಯನ್ನು ‘ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್’ ವಾರಪತ್ರಿಕೆ 2014ರ ಮಾರ್ಚ್‌ನಲ್ಲಿ ಬಯಲಿಗೆ ತಂದಿತು. ಎಚ್ಚರಿಕೆ ಬಂದದ್ದು ನಿಜ, ಪರಿಶೀಲಿಸಿದ ಸಿಬ್ಬಂದಿಗೆ ತಕ್ಷಣ ಕ್ರಮ ಬೇಕೆನಿಸಲಿಲ್ಲ ಎಂದು ಕಂಪೆನಿ ಹೇಳಿತು. ಇದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಕಳವಿಗೆ ಎರಡೇ ತಿಂಗಳ ಹಿಂದೆ, 2013ರ ಸೆಪ್ಟೆಂಬರ್‌ನಲ್ಲಿ, ಕಾರ್ಡು ವಹಿವಾಟಿನ ಭದ್ರತಾ ನಿಯಮಗಳನ್ನೆಲ್ಲ ಪಾಲಿಸುತ್ತಿದೆ ಎಂದು ಇದೇ ಕಂಪೆನಿಗೆ ಪ್ರಮಾಣಪತ್ರ ಸಿಕ್ಕಿತ್ತು.

ಗಂಟೆಯೂ ಇತ್ತು, ಪ್ರಮಾಣಪತ್ರವೂ ಇತ್ತು. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯುವ ದಾರಿ ಮಾತ್ರ ಇರಲಿಲ್ಲ. ಯಂತ್ರಗಳು ಹೊರಡಿಸುವ ಎಚ್ಚರಿಕೆಯನ್ನು ನಿಯಮಪಾಲನೆಯ ಲೆಕ್ಕಪುಸ್ತಕಕ್ಕೆ ಮುಟ್ಟಿಸುವ ಈ ದಾರಿ ಇಂದು ಕಂಪ್ಯೂಟರ್ ಜಗತ್ತಿನಲ್ಲಿ ಒಂದು ಪ್ರತ್ಯೇಕ ಉದ್ಯೋಗವೇ ಆಗಿದೆ. ಕೇಳಲು ನೀರಸ ಗುಮಾಸ್ತಗಿರಿಯಂತೆ ಕಾಣುವ ಈ ಕೆಲಸಕ್ಕೆ ನಾಲ್ಕು ದಶಕಗಳ ಕುತೂಹಲಕರ ಇತಿಹಾಸವಿದೆ.

ಕಿರ್ದಿ ಮತ್ತು ಖಾತೆ

ಹಾಗೆ ನೋಡಿದರೆ ಈ ಕೆಲಸದ ಮರ್ಮ ನಮಗೆ ಹೊಸದೇನಲ್ಲ. ಹಳೆಯ ಪದ್ಧತಿಯಲ್ಲಿ ಲೆಕ್ಕ ಬರೆಯುವ ಯಾವ ಅಂಗಡಿಗೆ ಹೋದರೂ ಎರಡು ಪುಸ್ತಕ ಕಾಣುತ್ತವೆ. ಒಂದು ಕಿರ್ದಿ. ಆಯಾ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಅದರಲ್ಲಿ ಬರೆಯುತ್ತಾರೆ. ಇನ್ನೊಂದು ಖಾತೆ ಪುಸ್ತಕ. ಕಿರ್ದಿಯಲ್ಲಿದ್ದುದನ್ನು ಹೆಸರುವಾರು ಬಿಡಿಸಿ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಸಲ್ಲಬೇಕು ಎಂದು ತೋರಿಸುವುದು ಖಾತೆ. ಕಿರ್ದಿ ಎಷ್ಟೇ ಶುದ್ಧವಾಗಿರಲಿ, ಅದು ಖಾತೆಗೆ ಏರದಿದ್ದರೆ ಸಾಲ ಯಾರ ಮೇಲಿದೆ ಎಂಬುದೇ ತಿಳಿಯುವುದಿಲ್ಲ.

ಕಂಪ್ಯೂಟರ್ ಭದ್ರತೆಯಲ್ಲೂ ಇಂಥವೇ ಎರಡು ಪುಸ್ತಕಗಳಿವೆ. ‘ಇಂಥ ಯಂತ್ರದಲ್ಲಿ ಇಷ್ಟು ಹೊತ್ತಿಗೆ ಇಂಥದ್ದು ಕಂಡಿತು’ ಎಂದು ಬರುವ ಎಚ್ಚರಿಕೆಗಳ ಸಾಲು ಕಿರ್ದಿ. ‘ಈ ಸಂಸ್ಥೆ ಪಾಲಿಸಬೇಕಾದ ನಿಯಮಗಳು ಇಷ್ಟು, ಪ್ರತಿಯೊಂದಕ್ಕೂ ಹೊಣೆಗಾರರು ಇವರು, ಪಾಲಿಸಿದ್ದಕ್ಕೆ ಪುರಾವೆ ಇದು’ ಎಂದು ಬರೆದಿಡುವ ನಿಯಮಪಾಲನಾ ವ್ಯವಸ್ಥೆ ಖಾತೆ. ಮೊದಲನೆಯದು ಪ್ರತಿ ಕ್ಷಣವೂ ಬೆಳೆಯುತ್ತದೆ. ಎರಡನೆಯದನ್ನು ಬಹುಕಾಲದವರೆಗೆ ವರ್ಷಕ್ಕೊಮ್ಮೆ, ಲೆಕ್ಕ ತಪಾಸಣೆಯವರು ಬರುವ ವಾರದಲ್ಲಿ, ತೆರೆಯುತ್ತಿದ್ದರು. ಟಾರ್ಗೆಟ್‌ನ ದುರಂತ ನಡೆದದ್ದು ಈ ಎರಡು ಪುಸ್ತಕಗಳ ನಡುವಿನ ಕಂದರದಲ್ಲಿ.

75 ಸೆಂಟಿನ ಕಥೆ

ಸ್ವಾರಸ್ಯವೆಂದರೆ, ಈ ಕ್ಷೇತ್ರದ ಬಹು ಪ್ರಸಿದ್ಧ ಎಚ್ಚರಿಕೆ ಹುಟ್ಟಿದ್ದೇ ಲೆಕ್ಕಪುಸ್ತಕದಲ್ಲಿ. ಅದು 1986ರ ಆಗಸ್ಟ್. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಇದ್ದರು. ಸಂಶೋಧನೆಗೆ ಸಿಗುತ್ತಿದ್ದ ಹಣ ಮುಗಿದಿದ್ದರಿಂದ ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ಹಾಕಲಾಗಿತ್ತು. ಕಂಪ್ಯೂಟರ್ ಬಳಸಿದವರಿಂದ ಸಮಯಕ್ಕೆ ತಕ್ಕ ಬಾಡಿಗೆ ಪಡೆಯುತ್ತಿದ್ದ ಕಾಲ ಅದು. ಲೆಕ್ಕ ತಾಳೆಯಾಗದೆ 75 ಸೆಂಟು ವ್ಯತ್ಯಾಸ ಬರುತ್ತಿತ್ತು. ಏಕೆಂದು ನೋಡು ಎಂದು ಹೊಸಬರಾದ ಸ್ಟಾಲ್‌ಗೆ ಹೇಳಿದರು.

ಯಾರೂ ತಲೆಕೆಡಿಸಿಕೊಳ್ಳದ ಮೊತ್ತ. ಸ್ಟಾಲ್ ಮಾತ್ರ ಬಿಡಲಿಲ್ಲ. ‘ಹಂಟರ್’ ಎಂಬ ಹೆಸರಿನಲ್ಲಿ ಯಾರೋ ಕಂಪ್ಯೂಟರನ್ನು ಬಳಸಿದ್ದರು, ಆ ಹೆಸರಿಗೆ ಬಿಲ್ಲು ಕಳಿಸುವ ವಿಳಾಸವೇ ಇರಲಿಲ್ಲ. ತಂತಿಗಳಿಗೆ ಮುದ್ರಣಯಂತ್ರ ಜೋಡಿಸಿ ಆಗಂತುಕ ಒತ್ತುವ ಪ್ರತಿ ಅಕ್ಷರವನ್ನೂ ಅವರು ಹಿಡಿದಿಟ್ಟರು. ದೂರದರ್ಶಕದ ಮುಂದೆ ಕೂತು ಟಿಪ್ಪಣಿ ಬರೆಯುವವರ ಅಭ್ಯಾಸದಂತೆ ಗಂಟೆ ನಿಮಿಷಗಳೊಂದಿಗೆ ಎಲ್ಲವನ್ನೂ ಪುಸ್ತಕದಲ್ಲಿ ದಾಖಲಿಸಿದರು. ಎಫ್‌ಬಿಐಗೆ ದೂರು ಕೊಟ್ಟರೆ, ಮುಕ್ಕಾಲು ಡಾಲರ್ ನಷ್ಟಕ್ಕೆ ತನಿಖೆಯೇ ಎಂಬ ಧೋರಣೆ ಅವರದು. ಕೊನೆಗೆ ಸಿಕ್ಕಿದ್ದು ಜರ್ಮನಿಯ ಹ್ಯಾನೋವರ್‌ನ ಮಾರ್ಕಸ್ ಹೆಸ್ ಎಂಬಾತ. ಅಮೆರಿಕದ ಸೇನೆಯ ಕಂಪ್ಯೂಟರುಗಳನ್ನು ಜಾಲಾಡಿ, ಸಿಕ್ಕ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದ ಗುಂಪಿಗೆ ಆತ ಸೇರಿದ್ದ. 1990ರಲ್ಲಿ ಜರ್ಮನಿಯ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. ಸ್ಟಾಲ್ ಬರೆದ ‘ದಿ ಕುಕೂಸ್ ಎಗ್’ ಪುಸ್ತಕ 1989ರಲ್ಲೇ ಬಂದು ಜನಪ್ರಿಯವಾಗಿತ್ತು.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಗೂಢಚಾರಿಕೆಯ ರೋಮಾಂಚನವನ್ನಲ್ಲ. ಎಚ್ಚರಿಕೆ ಪುಟ್ಟದಾಗಿತ್ತು. ಆದರೆ ಅದು ಒಬ್ಬರ ಹೊಣೆಯಾಗಿತ್ತು. ವ್ಯತ್ಯಾಸ ಏಕೆ ಬಂತೆಂದು ಉತ್ತರ ಕೊಡಬೇಕಾದ ವ್ಯಕ್ತಿ ಯಾರೆಂಬುದು ಮೊದಲ ದಿನವೇ ಗೊತ್ತಿತ್ತು. ಟಾರ್ಗೆಟ್‌ನಲ್ಲಿ ಗಂಟೆ ಇದಕ್ಕಿಂತ ಎಷ್ಟೋ ಪಾಲು ಜೋರಾಗಿ ಬಾರಿಸಿತ್ತು. ಆದರೆ ಬಂದ ಎಚ್ಚರಿಕೆಯ ಹೆಸರು ಬರಿಯ ‘ಮಾಲ್‌ವೇರ್ ಡಾಟ್ ಬೈನರಿ’ ಎಂಬ ಸಾಮಾನ್ಯ ಪದವಾಗಿತ್ತು. ಅದು ಯಾವ ನಿಯಮಕ್ಕೆ ಸೇರಿದ್ದು, ಯಾರ ಕಾರ್ಡು ಅಪಾಯದಲ್ಲಿದೆ ಎಂಬ ಸುಳಿವು ಆ ಹೆಸರಿನಲ್ಲಿ ಇರಲಿಲ್ಲ.

ಎರಡು ಕವಲುಗಳು

ಯಂತ್ರಗಳೇ ತಮ್ಮ ದಿನಚರಿ ನೋಡಿ ಕಳ್ಳನನ್ನು ಗುರುತಿಸಬಹುದೇ ಎಂಬ ಪ್ರಶ್ನೆ ಸ್ಟಾಲ್‌ಗಿಂತ ಹಳೆಯದು. ಜೇಮ್ಸ್ ಆಂಡರ್ಸನ್ ಎಂಬ ತಜ್ಞರು 1980ರಲ್ಲಿ ಬರೆದ ವರದಿಯೊಂದರಲ್ಲಿ, ಲೆಕ್ಕ ತಪಾಸಣೆಗೆಂದು ಇಡುವ ದಾಖಲೆಗಳಿಂದಲೇ ಒಳನುಸುಳುವಿಕೆಯನ್ನು ಪತ್ತೆಹಚ್ಚಬಹುದೆಂದು ವಿವರಿಸಿದರು. ಡೊರೊತಿ ಡೆನ್ನಿಂಗ್ 1987ರಲ್ಲಿ ಪ್ರಕಟಿಸಿದ ಪ್ರಬಂಧ ಅದಕ್ಕೊಂದು ಶಾಸ್ತ್ರೀಯ ಚೌಕಟ್ಟು ಕೊಟ್ಟಿತು. ಒಬ್ಬರ ಎಂದಿನ ನಡವಳಿಕೆ ಯಾವುದೆಂದು ಯಂತ್ರ ಕಲಿತಿರಬೇಕು, ಅದಕ್ಕೆ ಹೊರತಾದುದು ಕಂಡರೆ ಕೂಗಬೇಕು ಎಂಬುದು ಅದರ ತಿರುಳು. ಇಂದಿನ ಎಚ್ಚರಿಕೆ ವ್ಯವಸ್ಥೆಗಳೆಲ್ಲ ಈ ಬೇರಿನಿಂದ ಚಿಗುರಿದವು.

ನಿಯಮಗಳ ಕವಲು ಬೇರೆಯೇ ದಿಕ್ಕಿನಲ್ಲಿ ಬೆಳೆಯಿತು. ಅಮೆರಿಕದ ರಕ್ಷಣಾ ಇಲಾಖೆ 1983ರಲ್ಲಿ ಹೊರತಂದು 1985ರಲ್ಲಿ ಪರಿಷ್ಕರಿಸಿದ ಕಂಪ್ಯೂಟರ್ ಭದ್ರತೆಯ ಮಾನದಂಡ, ರಕ್ಷಾಪುಟದ ಬಣ್ಣದಿಂದಾಗಿ ‘ಕಿತ್ತಳೆ ಪುಸ್ತಕ’ ಎಂದೇ ಹೆಸರಾಯಿತು. ಬ್ರಿಟನ್ 1995ರಲ್ಲಿ ‘ಬಿಎಸ್ 7799’ ಮಾನದಂಡ ತಂದಿತು. ಅದರ ಸಂತತಿಯೇ 2005ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ‘ಐಎಸ್‌ಒ 27001’. ಎನ್ರಾನ್ ಕಂಪೆನಿ 2001ರಲ್ಲಿ ಕುಸಿದ ಮೇಲೆ ಅಮೆರಿಕ 2002ರಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಮಾಡಿ, ಲೆಕ್ಕಪತ್ರಕ್ಕೆ ಕಂಪೆನಿಯ ಮುಖ್ಯಸ್ಥರೇ ಸಹಿ ಹಾಕಿ ಹೊಣೆ ಹೊರಬೇಕೆಂದಿತು. ವೀಸಾ, ಮಾಸ್ಟರ್‌ಕಾರ್ಡ್ ಮೊದಲಾದ ಐದು ಕಾರ್ಡು ಕಂಪೆನಿಗಳು 2004ರ ಡಿಸೆಂಬರ್‌ನಲ್ಲಿ 12 ಮುಖ್ಯ ಕಟ್ಟಳೆಗಳುಳ್ಳ ‘ಪಿಸಿಐ’ ಮಾನದಂಡ ಹೊರಡಿಸಿದವು. ಟಾರ್ಗೆಟ್‌ಗೆ ಪ್ರಮಾಣಪತ್ರ ಸಿಕ್ಕಿದ್ದು ಇದೇ ಮಾನದಂಡದ ಅಡಿಯಲ್ಲಿ.

ಪಿಸಿಐ ಮಾನದಂಡದ ಹತ್ತನೆಯ ಕಟ್ಟಳೆ, ವ್ಯವಸ್ಥೆಯ ದಾಖಲೆಗಳನ್ನು ದಿನವೂ ಪರಿಶೀಲಿಸಬೇಕು, ಒಂದು ವರ್ಷ ಕಾಪಾಡಬೇಕು ಎನ್ನುತ್ತದೆ. ಅಂದರೆ ನಿಯಮ ಬರೆದವರಿಗೆ ಗಂಟೆಯ ಮಹತ್ವ ತಿಳಿಯದೇ ಇರಲಿಲ್ಲ. ಆದರೆ ಕಂಪೆನಿಗಳ ಒಳಗೆ ಕಾವಲಿನವರು ಒಂದು ಮಹಡಿಯಲ್ಲಿ, ಕಟ್ಟಳೆಯವರು ಇನ್ನೊಂದು ಮಹಡಿಯಲ್ಲಿ. ಮೊದಲನೆಯವರು ಮಾತಾಡುವುದು ಯಂತ್ರದ ಭಾಷೆ, ಎರಡನೆಯವರದು ವಕೀಲರ ಮತ್ತು ಲೆಕ್ಕಿಗರ ಭಾಷೆ. ದಾಖಲೆ ಪರಿಶೀಲಿಸುವ ಪದ್ಧತಿ ಇದೆಯೇ ಎಂದು ತಪಾಸಣೆಗೆ ಬಂದವರು ಕೇಳುತ್ತಾರೆ. ಇದೆ ಎಂದು ಕಾಗದ ತೋರಿಸಲಾಗುತ್ತದೆ. ನಿನ್ನೆ ಬಂದ ಎಚ್ಚರಿಕೆ ಏನಾಯಿತು ಎಂದು ಕೇಳುವವರು ವಿರಳ.

ಹಳೆಯ ವಿಳಾಸಕ್ಕೆ ಹೋದ ಓಲೆ

ಟಾರ್ಗೆಟ್‌ನ ಪಾಠವನ್ನು ಎಲ್ಲರೂ ಕಲಿತರೆಂದು ಹೇಳುವಂತಿಲ್ಲ. ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸುವ ಅಮೆರಿಕದ ‘ಇಕ್ವಿಫ್ಯಾಕ್ಸ್’ ಕಂಪೆನಿಗೆ 2017ರ ಮಾರ್ಚ್ 8ರಂದು ಆ ದೇಶದ ಸರ್ಕಾರಿ ಸಂಸ್ಥೆಯಿಂದಲೇ ಸೂಚನೆ ಬಂತು. ‘ಅಪಾಚೆ ಸ್ಟ್ರಟ್ಸ್’ ಎಂಬ ತಂತ್ರಾಂಶದಲ್ಲಿ ಬಿರುಕಿದೆ, ಬೇಗ ಸರಿಪಡಿಸಿ ಎಂಬ ಸೂಚನೆ. ಕಂಪೆನಿ ಮರುದಿನವೇ ಅದನ್ನು ಒಳಗಿನ ಸಿಬ್ಬಂದಿಗೆ ಕಳುಹಿಸಿತು. 48 ಗಂಟೆಯಲ್ಲಿ ಕೆಲಸ ಮುಗಿಯಬೇಕೆಂಬ ನಿಯಮವೂ ಇತ್ತು. ಆದರೆ ಓಲೆ ಕಳುಹಿಸಿದ ವಿಳಾಸಗಳ ಪಟ್ಟಿಯೇ ಹಳತಾಗಿತ್ತು. ಆ ತಂತ್ರಾಂಶ ಯಾವ ಯಾವ ಯಂತ್ರದಲ್ಲಿದೆ ಎಂಬ ಪೂರ್ಣ ಲೆಕ್ಕವೂ ಇರಲಿಲ್ಲ. ಸರಿಪಡಿಸಬೇಕಾದವರಿಗೆ ಸುದ್ದಿ ತಲುಪಲಿಲ್ಲ. ಸುಮಾರು 14 ಕೋಟಿ 70 ಲಕ್ಷ ಜನರ ವೈಯಕ್ತಿಕ ವಿವರ ಸೋರಿಹೋಯಿತು.

ಇಲ್ಲಿ ಎಚ್ಚರಿಕೆ ಸರಿಯಾಗಿತ್ತು, ನಿಯಮ ಸರಿಯಾಗಿತ್ತು. ಎಚ್ಚರಿಕೆಯನ್ನು ನಿರ್ದಿಷ್ಟ ಯಂತ್ರಕ್ಕೂ ಆ ಯಂತ್ರವನ್ನು ನಿರ್ದಿಷ್ಟ ಮನುಷ್ಯನಿಗೂ ಜೋಡಿಸುವ ಪಟ್ಟಿ ಮಾತ್ರ ತಪ್ಪಾಗಿತ್ತು. ಕಿರ್ದಿಯಲ್ಲಿ ಬಾಕಿ ಬರೆದು, ಖಾತೆಯಲ್ಲಿ ಊರು ಬಿಟ್ಟುಹೋದವನ ಹೆಸರಿಟ್ಟಂತೆ.

ಮೋಡಕ್ಕೆ ಏರಿದ ಮೇಲೆ

ಈ ನಡುವೆ ಕಂಪ್ಯೂಟರುಗಳೇ ಜಾಗ ಬದಲಿಸಿದ್ದವು. ಅಮೆಜಾನ್ ಕಂಪೆನಿ 2006ರಲ್ಲಿ ತನ್ನ ಕಂಪ್ಯೂಟರುಗಳ ಸಂಗ್ರಹ ಸಾಮರ್ಥ್ಯವನ್ನೂ ಗಣನ ಸಾಮರ್ಥ್ಯವನ್ನೂ ಬಾಡಿಗೆಗೆ ಕೊಡತೊಡಗಿತು. ಮೈಕ್ರೋಸಾಫ್ಟ್, ಗೂಗಲ್ ಅದೇ ಹಾದಿ ಹಿಡಿದವು. ಇದನ್ನೇ ‘ಕ್ಲೌಡ್’ ಎನ್ನುವುದು. ಹೆಸರು ಮೋಡವಾದರೂ ಅದು ಇರುವುದು ನೆಲದ ಮೇಲೆ, ಬೇರೆಯವರ ಕಟ್ಟಡದಲ್ಲಿ. ಮನೆಯಲ್ಲಿ ಬಾವಿ ತೋಡುವ ಬದಲು ನಲ್ಲಿ ಹಾಕಿಸಿಕೊಂಡಂತೆ, ಬೇಕೆನಿಸಿದಾಗ ತಿರುಗಿಸಿ ಬಳಸಿದಷ್ಟಕ್ಕೆ ಹಣ ಕಟ್ಟುವ ವ್ಯವಸ್ಥೆ.

ಸ್ವಂತ ಕಟ್ಟಡದಲ್ಲಿ ಯಂತ್ರವಿದ್ದಾಗ ತಪಾಸಣೆಗೆ ಬಂದವರು ಬೀಗ ಅಲುಗಾಡಿಸಿ, ಯಂತ್ರ ಎಣಿಸಿ ಹೋಗಬಹುದಿತ್ತು. ಕ್ಲೌಡ್‌ನಲ್ಲಿ ಒಂದು ಯಂತ್ರ ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದೊಳಗೆ ಅಳಿಯಬಹುದು. ವರ್ಷಕ್ಕೊಮ್ಮೆ ಎಣಿಸುವ ಪದ್ಧತಿಗೆ ಅಲ್ಲಿ ಅರ್ಥವಿಲ್ಲ. ಹೊಣೆಯೂ ಹರಿದು ಹಂಚಿಹೋಯಿತು. ಕಟ್ಟಡ, ತಂತಿ, ಯಂತ್ರಗಳ ರಕ್ಷಣೆ ಬಾಡಿಗೆಗೆ ಕೊಟ್ಟವರದು. ಒಳಗಿಟ್ಟ ಸರಕಿನ ರಕ್ಷಣೆ, ಯಾರಿಗೆ ಬಾಗಿಲು ತೆರೆಯಬೇಕೆಂಬ ತೀರ್ಮಾನ ಬಾಡಿಗೆದಾರರದು.

ಇದರ ಬಿಸಿ ಮುಟ್ಟಿದ್ದು ‘ಕ್ಯಾಪಿಟಲ್ ಒನ್’ ಎಂಬ ಅಮೆರಿಕದ ಬ್ಯಾಂಕಿಗೆ. 2019ರ ಮಾರ್ಚ್‌ನಲ್ಲಿ ಅದರ ಕ್ಲೌಡ್ ವ್ಯವಸ್ಥೆಯ ರಕ್ಷಣಾ ಗೋಡೆಯೊಂದನ್ನು ಸರಿಯಾಗಿ ಹೊಂದಿಸದ ಕಾರಣ ಕಳ್ಳರಿಗೆ ದಾರಿಯಾಯಿತು. ಅಮೆರಿಕದ ಹತ್ತು ಕೋಟಿ, ಕೆನಡಾದ 60 ಲಕ್ಷ ಜನರ ಮಾಹಿತಿ ಹೊರಹೋಯಿತು. ಬ್ಯಾಂಕಿಗೆ ಇದು ತಿಳಿದದ್ದು ನಾಲ್ಕು ತಿಂಗಳ ನಂತರ, ಜುಲೈ 17ರಂದು ಹೊರಗಿನವರೊಬ್ಬರು ಕಳುಹಿಸಿದ ಇ-ಮೇಲ್‌ನಿಂದ. 2020ರ ಆಗಸ್ಟ್‌ನಲ್ಲಿ ಬ್ಯಾಂಕುಗಳ ನಿಯಂತ್ರಕರು ಎಂಟು ಕೋಟಿ ಡಾಲರ್ ದಂಡ ವಿಧಿಸಿದರು. ಆ ಆದೇಶದಲ್ಲಿ ಗಮನ ಸೆಳೆಯುವ ಮಾತೊಂದಿದೆ. ಕ್ಲೌಡ್ ವ್ಯವಸ್ಥೆಯ ಎಷ್ಟೋ ದೌರ್ಬಲ್ಯಗಳನ್ನು ಒಳಗಿನ ತಪಾಸಣೆ ಗುರುತಿಸಲಿಲ್ಲ, ಗುರುತಿಸಿ ಹೇಳಿದ ಕೆಲವು ವಿಷಯಗಳಲ್ಲೂ ಆಡಳಿತ ಮಂಡಳಿ ಪರಿಣಾಮಕಾರಿಯಾಗಿ ಹೊಣೆ ನಿಗದಿಪಡಿಸಲಿಲ್ಲ ಎಂದು ನಿಯಂತ್ರಕರು ಹೇಳಿದರು.

ಒಂದು ಎಚ್ಚರಿಕೆಯ ಪಯಣ

ಹಾಗಾದರೆ ಎಚ್ಚರಿಕೆಯನ್ನು ಖಾತೆಗೆ ಏರಿಸುವುದು ಎಂದರೇನು? ಒಂದು ಸರಳ ಉದಾಹರಣೆ ನೋಡೋಣ. ಆಸ್ಪತ್ರೆಯೊಂದು ರೋಗಿಗಳ ಕಡತಗಳನ್ನು ಕ್ಲೌಡ್‌ನ ಒಂದು ಉಗ್ರಾಣದಲ್ಲಿ ಇಟ್ಟಿದೆ ಎನ್ನೋಣ. ಯಾರದೋ ಅಚಾತುರ್ಯದಿಂದ ಆ ಉಗ್ರಾಣದ ಬಾಗಿಲು ಲೋಕಕ್ಕೆಲ್ಲ ತೆರೆದುಕೊಂಡಿತು. ಕ್ಲೌಡ್‌ನ ಕಾವಲು ವ್ಯವಸ್ಥೆ ಒಂದು ಎಚ್ಚರಿಕೆ ಹೊರಡಿಸುತ್ತದೆ. ಅದರಲ್ಲಿ ಎಚ್ಚರಿಕೆಯ ಕ್ರಮಸಂಖ್ಯೆ, ಸಮಯ, ಯಾರ ಲೆಕ್ಕದ ಉಗ್ರಾಣ, ಯಾವ ಪ್ರದೇಶದ್ದು, ತೀವ್ರತೆ ಎಷ್ಟು ಎಂಬ ವಿವರಗಳು ಇರುತ್ತವೆ. ಇಷ್ಟು ಕಿರ್ದಿ.

ಇದನ್ನು ಖಾತೆಗೆ ಏರಿಸುವವರು ಮೊದಲು ಕೇಳಬೇಕಾದದ್ದು, ಈ ಉಗ್ರಾಣದಲ್ಲಿ ಇರುವುದು ಏನು ಎಂದು. ಕ್ಲೌಡ್‌ಗೆ ಅದು ಅಂಕೆ ಅಕ್ಷರಗಳ ಒಂದು ಹೆಸರು ಮಾತ್ರ. ಅದು ರೋಗಿಗಳ ಕಡತ, ವೈದ್ಯಕೀಯ ದಾಖಲೆ ವಿಭಾಗದ ಇಂಥವರ ಹೊಣೆ ಎಂಬುದು ಆಸ್ಪತ್ರೆಯ ಆಸ್ತಿಪಟ್ಟಿಗಷ್ಟೇ ಗೊತ್ತು. ಆ ಪಟ್ಟಿ ಹಳತಾಗಿದ್ದರೆ ಇಕ್ವಿಫ್ಯಾಕ್ಸ್‌ನ ಕಥೆ ಮರುಕಳಿಸುತ್ತದೆ.

ಎರಡನೆಯ ಪ್ರಶ್ನೆ, ಯಾವ ನಿಯಮಕ್ಕೆ ಭಂಗ ಬಂತು? ಒಂದೇ ಎಚ್ಚರಿಕೆ ನಾಲ್ಕಾರು ಕಟ್ಟಳೆಗಳನ್ನು ಒಟ್ಟಿಗೆ ಮುಟ್ಟಬಹುದು. ಹತ್ತಾರು ಎಚ್ಚರಿಕೆಗಳು ಸೇರಿ ಒಂದೇ ಕಟ್ಟಳೆಯನ್ನು ಮುರಿದಿರಲೂಬಹುದು. ಕಟ್ಟಳೆಗಳಾದರೂ ನಿಂತಲ್ಲಿ ನಿಲ್ಲುವುದಿಲ್ಲ. ಐಎಸ್‌ಒ 27001ರ 2013ರ ಆವೃತ್ತಿಯಲ್ಲಿ 114 ನಿಯಂತ್ರಣಗಳಿದ್ದವು. 2022ರಲ್ಲಿ ಅವನ್ನು ಹೊಸದಾಗಿ ಜೋಡಿಸಿ 93 ಮಾಡಿದರು. ಹಳೆಯ ಸಂಖ್ಯೆಗೆ ಕಟ್ಟಿದ ಕೊಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಮೂರನೆಯದು ತೀವ್ರತೆಯ ಅಳತೆ. ಒಂದು ಕ್ಲೌಡ್ ಅಂಕೆಗಳಲ್ಲಿ ಹೇಳಿದರೆ ಇನ್ನೊಂದು ‘ಹೆಚ್ಚು, ಮಧ್ಯಮ, ಕಡಿಮೆ’ ಎನ್ನುತ್ತದೆ. ಮಗದೊಂದು ಅದರ ಮೇಲೆ ‘ಅತಿ ಗಂಭೀರ’ ಎಂಬ ಮೆಟ್ಟಿಲನ್ನೂ ಸೇರಿಸುತ್ತದೆ. ಊರೂರಿಗೆ ಸೇರು, ಪಾವು, ಕೊಳಗಗಳ ಅಳತೆ ಬೇರೆಬೇರೆ ಇದ್ದ ಕಾಲದ ಫಜೀತಿಯೇ ಇದು. ಒಂದರ ‘ಹೆಚ್ಚು’ ಇನ್ನೊಂದರ ‘ಅತಿ ಗಂಭೀರ’ಕ್ಕೆ ಸಮವೆಂದು ಕಣ್ಣುಮುಚ್ಚಿ ಬರೆದರೆ ಖಾತೆಯೇ ಸುಳ್ಳಾಗುತ್ತದೆ.

ನಾಲ್ಕನೆಯದು ಬಹಳ ಮುಖ್ಯ. ಬಾಗಿಲು ತೆರೆದಿರುವುದು ಒಂದು ಸ್ಥಿತಿ. ಅದನ್ನು ಮುಚ್ಚಿದ ಕೂಡಲೆ ಯಂತ್ರ ‘ಸರಿಯಾಯಿತು’ ಎನ್ನುತ್ತದೆ. ಆದರೆ ಬಾಗಿಲು ತೆರೆದಿದ್ದಾಗ ಯಾರಾದರೂ ಒಳಬಂದು ಹೋಗಿದ್ದರೆ ಅದು ಒಂದು ಘಟನೆ. ಬಾಗಿಲು ಮುಚ್ಚಿದ ಮಾತ್ರಕ್ಕೆ ಕಳವು ಆಗಲಿಲ್ಲವೆಂದು ಆಗದು. ಯಂತ್ರ ‘ಮುಗಿಯಿತು’ ಎಂದರೂ ಖಾತೆಯಲ್ಲಿ ‘ಯಾರು ಬಂದಿದ್ದರು ಎಂದು ನೋಡಿದ್ದೀರಾ?’ ಎಂಬ ಪ್ರಶ್ನೆ ಬಾಕಿ ಉಳಿಯಬೇಕು. ಎರಡೂ ವ್ಯವಸ್ಥೆಗಳನ್ನು ಗಡಿಬಿಡಿಯಲ್ಲಿ ಬೆಸೆದವರು ಮರೆಯುವುದು ಇದನ್ನೇ.

ಇಂಥ ಅನುವಾದದ ತೊಡಕು ನಿವಾರಿಸಲು ಸಾಮಾನ್ಯ ಭಾಷೆಯ ಪ್ರಯತ್ನಗಳೂ ನಡೆದಿವೆ. ಅಮೆಜಾನ್ 2019ರ ಜೂನ್‌ನಲ್ಲಿ ಎಲ್ಲರ ಬಳಕೆಗೆ ಬಿಟ್ಟ ‘ಸೆಕ್ಯುರಿಟಿ ಹಬ್’ ಸೇವೆ, ನಾನಾ ಉಪಕರಣಗಳ ಎಚ್ಚರಿಕೆಗಳನ್ನು ಒಂದೇ ನಮೂನೆಗೆ ತಂದಿತು. 2022ರ ಆಗಸ್ಟ್‌ನಲ್ಲಿ ಅಮೆಜಾನ್, ಸ್ಪ್ಲಂಕ್ ಮತ್ತಿತರ ಕಂಪೆನಿಗಳು ಸೇರಿ ಯಾರೊಬ್ಬರ ಸ್ವತ್ತೂ ಅಲ್ಲದ ‘ಒಸಿಎಸ್‌ಎಫ್’ ಎಂಬ ಸಾಮಾನ್ಯ ನಮೂನೆಯನ್ನು ಪ್ರಕಟಿಸಿದವು. ಪೈಪೋಟಿ ನಡೆಸುವ ವ್ಯಾಪಾರಿಗಳು ಒಂದೇ ತೂಕದ ಬಟ್ಟಿಗೆ ಒಪ್ಪಿದಂತೆ ಇದು.

ಆರು ಗಂಟೆಯ ಗಡುವು

ನಮ್ಮ ದೇಶದಲ್ಲೂ ಈ ಕೊಂಡಿ ಈಗ ಕಾನೂನಿನ ಅಗತ್ಯವಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದದ್ದು 2000ದಲ್ಲಿ. ಕಂಪ್ಯೂಟರ್ ಅಪಾಯಗಳನ್ನು ಎದುರಿಸುವ ‘ಸರ್ಟ್-ಇನ್’ ಸಂಸ್ಥೆ 2004ರ ಜನವರಿಯಿಂದ ಕೆಲಸ ಮಾಡುತ್ತಿದೆ. ರಿಸರ್ವ್ ಬ್ಯಾಂಕ್ 2016ರ ಜೂನ್ 2ರ ಸುತ್ತೋಲೆಯಲ್ಲಿ, ಅಸಹಜ ಘಟನೆಗಳನ್ನು ಬ್ಯಾಂಕುಗಳು ಎರಡರಿಂದ ಆರು ಗಂಟೆಯೊಳಗೆ ತನಗೆ ತಿಳಿಸಬೇಕೆಂದಿತು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಈ ಶಿಸ್ತನ್ನು ಬ್ಯಾಂಕುಗಳಾಚೆಗೂ ವಿಸ್ತರಿಸಿತು. ಪಟ್ಟಿ ಮಾಡಿದ 20 ಬಗೆಯ ಘಟನೆಗಳಲ್ಲಿ ಯಾವುದು ಗಮನಕ್ಕೆ ಬಂದರೂ ಆರು ಗಂಟೆಯೊಳಗೆ ವರದಿ ಮಾಡಬೇಕು. ಕ್ಲೌಡ್ ಮೇಲಿನ ದಾಳಿ ಆ ಪಟ್ಟಿಯಲ್ಲಿದೆ. ದಾಖಲೆಗಳನ್ನು 180 ದಿನ ಇಡಬೇಕು. ಅಷ್ಟೇ ಅಲ್ಲ, ಕಂಪ್ಯೂಟರುಗಳ ಗಡಿಯಾರಗಳೆಲ್ಲ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಸರಿಹೊಂದಿರಬೇಕು.

ಗಡಿಯಾರದ ಮಾತು ಏಕೆ ಬಂತೆಂದು ಓದುಗರು ಕೇಳಬಹುದು. ಕ್ಲೌಡ್‌ನ ಎಚ್ಚರಿಕೆಗಳು ಸಾಮಾನ್ಯವಾಗಿ ‘ಯುಟಿಸಿ’ ಎಂಬ ಜಾಗತಿಕ ಸಮಯವನ್ನು ನಮೂದಿಸುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6.40 ಎಂದರೆ ಇಲ್ಲಿ ನಡುರಾತ್ರಿ ಕಳೆದು 12.10, ತಾರೀಕೇ ಬದಲಾಗಿರುತ್ತದೆ. ಖಾತೆಗೆ ಏರಿಸುವಾಗ ನಮ್ಮ ಸಮಯವನ್ನು ಜಾಗತಿಕ ಸಮಯವೆಂದು ತಪ್ಪಾಗಿ ಬರೆದರೆ, ಆರು ಗಂಟೆ ಮುಗಿದ ಮೇಲೂ ಪರದೆಯ ಮೇಲೆ ‘ಇನ್ನೂ ಐದೂವರೆ ಗಂಟೆ ಬಾಕಿ’ ಎಂದೇ ಕಾಣುತ್ತಿರುತ್ತದೆ. ಒಂದು ಅಂಕಣದ ತಪ್ಪು ಕಾನೂನುಭಂಗವಾಗಲು ಇಷ್ಟು ಸಾಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಮಾಹಿತಿ ಸೋರಿದರೆ ಅದಕ್ಕೆಂದೇ ನೇಮಿಸಿದ ಮಂಡಳಿಗೆ ಮಾತ್ರವಲ್ಲ, ಬಾಧಿತರಾದ ಪ್ರತಿಯೊಬ್ಬ ವ್ಯಕ್ತಿಗೂ ತಿಳಿಸಬೇಕೆಂದು ಅದು ವಿಧಿಸುತ್ತದೆ. ಇದರ ನಿಯಮಾವಳಿ 2025ರ ನವೆಂಬರ್‌ನಲ್ಲಿ ಪ್ರಕಟವಾಯಿತು, ಹಂತಹಂತವಾಗಿ ಜಾರಿಯಾಗುವಂಥದ್ದು. ಯಾರ ಮಾಹಿತಿ ಸೋರಿತೆಂದು ಹೇಳಬೇಕಾದರೆ ಎಚ್ಚರಿಕೆಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಕಡತಕ್ಕೆ, ಕಡತದಿಂದ ಮನುಷ್ಯರಿಗೆ ದಾರಿ ಮೊದಲೇ ಬರೆದಿಟ್ಟಿರಬೇಕು. ಕಳವಾದ ಮೇಲೆ ಹುಡುಕತೊಡಗಿದರೆ ಗಡುವು ಮೀರಿರುತ್ತದೆ.

ಹಸಿರು ಬಣ್ಣದ ಮೋಹ

ಕೊಂಡಿ ಕಟ್ಟಿದ ಮಾತ್ರಕ್ಕೆ ಎಲ್ಲ ಸುಖಾಂತವೆನ್ನಲಾಗದು. ಎಚ್ಚರಿಕೆಗಳು ಖಾತೆಗೆ ಏರತೊಡಗಿದೊಡನೆ ಖಾತೆ ಕೆಂಪಾಗುತ್ತದೆ. ಕೆಂಪು ಕಂಡರೆ ಮೇಲಧಿಕಾರಿಗಳು ಕೇಳುತ್ತಾರೆ. ಆಗ ಎರಡು ದಾರಿ. ತಪ್ಪು ತಿದ್ದುವುದು ಒಂದು, ಎಚ್ಚರಿಕೆಯನ್ನೇ ಅಡಗಿಸುವುದು ಇನ್ನೊಂದು. ಈ ವ್ಯವಸ್ಥೆಗಳಲ್ಲಿ ಒಂದು ಎಚ್ಚರಿಕೆಯನ್ನು ‘ತಡೆಹಿಡಿಯಲಾಗಿದೆ’ ಎಂದು ಗುರುತಿಸುವ ಅವಕಾಶವಿದೆ. ಸುಳ್ಳು ಎಚ್ಚರಿಕೆಗಳು ಬರುವುದು ನಿಜವಾದ್ದರಿಂದ ಅದು ಬೇಕಾದದ್ದೇ. ಆದರೆ ಯಾರು ತಡೆಹಿಡಿದರು, ಏಕೆ, ಎಷ್ಟು ದಿನಕ್ಕೆ ಎಂಬುದು ಖಾತೆಯಲ್ಲಿ ಇಲ್ಲದಿದ್ದರೆ ಪರದೆ ಹಸಿರಾಗುತ್ತದೆ, ಅಪಾಯ ಇದ್ದಲ್ಲೇ ಇರುತ್ತದೆ. ಅಂಥ ಹಸಿರು ಪರದೆಗೂ ಟಾರ್ಗೆಟ್‌ನ ಸೆಪ್ಟೆಂಬರ್ ಪ್ರಮಾಣಪತ್ರಕ್ಕೂ ವ್ಯತ್ಯಾಸವಿಲ್ಲ.

ದೊಡ್ಡ ಸಂಸ್ಥೆಗಳಿಗೆ ದಿನಕ್ಕೆ ನೂರಾರು, ಸಾವಿರಾರು ಎಚ್ಚರಿಕೆಗಳು ಬರುತ್ತವೆ. ಅವನ್ನೆಲ್ಲ ಖಾತೆಗೆ ಸುರಿದರೆ ಯಾರೂ ಓದುವುದಿಲ್ಲ. ಒಂದೇ ಕಾರಣದಿಂದ ಹುಟ್ಟಿದ ಐವತ್ತು ಎಚ್ಚರಿಕೆಗಳನ್ನು ಒಂದು ಬಾಕಿಯಾಗಿ ಬರೆಯುವ ವಿವೇಕ ಬೇಕು. ಆ ವಿವೇಕವನ್ನು ಯಂತ್ರಕ್ಕೆ ಸ್ವಲ್ಪ ಮಟ್ಟಿಗೆ ಕಲಿಸಬಹುದು. ಕೊನೆಯ ಮಾತು ಮನುಷ್ಯರದ್ದೇ.

ಬೆಂಗಳೂರಿನ ಆ ಶನಿವಾರಕ್ಕೆ ಮರಳೋಣ. ಅಂದು ಆ ತಂಡ ತನ್ನ ಕೆಲಸ ಮಾಡಿತು. ಕಂಡದ್ದನ್ನು ಹೇಳಿತು. ಆ ಸಂದೇಶ ಮಿನ್ನಿಯಾಪೊಲಿಸ್‌ನಲ್ಲಿ ಬರಿಯ ಸಂದೇಶವಾಗಿ ಉಳಿಯುವ ಬದಲು, ‘ಕಾರ್ಡು ಮಾಹಿತಿಯ ರಕ್ಷಣೆ’ ಎಂಬ ಕಟ್ಟಳೆಯ ಎದುರು, ಒಬ್ಬರ ಹೆಸರಿನಲ್ಲಿ, ಇಷ್ಟು ಗಂಟೆಯೊಳಗೆ ಉತ್ತರ ಕೊಡಬೇಕಾದ ಬಾಕಿಯಾಗಿ ಬರೆಯಲ್ಪಟ್ಟಿದ್ದರೆ? ಮಾಹಿತಿ ಹೊರಹರಿಯಲು ಆಗಿನ್ನೂ ಎರಡು ದಿನವಿತ್ತು.

ನಮ್ಮ ಬ್ಯಾಂಕು ಖಾತೆ, ಆಸ್ಪತ್ರೆಯ ಚೀಟಿ, ಮಕ್ಕಳ ಶಾಲೆಯ ದಾಖಲೆ ಎಲ್ಲವೂ ಇಂದು ಎಲ್ಲೋ ಒಂದು ಕ್ಲೌಡ್‌ನಲ್ಲಿ ಕುಳಿತಿವೆ. ಅವುಗಳ ಕಾವಲಿಗೆ ಗಂಟೆಗಳಿವೆ. ಗಂಟೆ ಬಾರಿಸಿದಾಗ ಅದು ಯಾರ ಖಾತೆಗೆ ಏರುತ್ತದೆ ಎಂದು ಕೇಳುವ ಹಕ್ಕು, ಆ ಮಾಹಿತಿಯ ಒಡೆಯರಾದ ನಮ್ಮೆಲ್ಲರದು.